ಹುಳು ನೋಡುತ್ತ ಕುಳಿತ ದಿನಗಳು

ಜೂನ್ 19, 2024, ಬುಧವಾರ

ಮಧ್ಯಾಹ್ನ ತುಮಕೂರಿನ ಆಸ್ಪತ್ರೆಯಿಂದ ಗುಬ್ಬಿಗೆ, ಮನೆಗೆ ಬಂದೆವು. ಗಂಟಲೊಳಗೆ ಧ್ವನಿತಂತುವಿನ ಮೇಲೆ ಎದ್ದಿದ್ದ ಸಣ್ಣ ಗಂಟನ್ನು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಅದು ಎಂಥ ಗಂಟೆಂಬುದು ರಿಪೋರ್ಟ್ ಬಂದ ಮೇಲೆ ಗೊತ್ತಾಗುತ್ತದೆ. ಅಲ್ಲಿಯವರೆಗೆ ಒಂದು ಮಾತೂ ಆಡಕೂಡದು, ಪಿಸುಗುಟ್ಟುವುದಂತೂ ಬೇಡವೇ ಬೇಡ, ಅದು ಇನ್ನೂ ಕೆಟ್ಟದ್ದು ಎಂದು ಡಾಕ್ಟರು ಹೇಳಿ ಕಳಿಸಿದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ, ನನ್ನ ಹೆಂಡತಿ ಹೇಮಳ ಕಡೆ ನೋಡಿದರು.

ನಾನು ಯಾರೆಂದು ಅವರಿಗೆ ಗೊತ್ತಿಲ್ಲ. ಮೂವತ್ತು ವರ್ಷದಿಂದ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದೇನೆ. ಪೀರಿಯಡ್ ಶುರುವಾದ ಗಳಿಗೆಯಿಂದ ಬೆಲ್ ಹೊಡೆಯುವ ತನಕ ಸುಮ್ಮನಿದ್ದವನಲ್ಲ. ಅನಂತರಾಜು ಸರ್ ಕ್ಲಾಸಿನಲ್ಲಿ ನೋಟ್ಸ್ ಬರೆದುಕೊಳ್ಳುವುದಕ್ಕೂ ಪುರುಸೊತ್ತಿಲ್ಲ ಎಂದು ಮಕ್ಕಳು ಹೇಳಿಕೊಳ್ಳುತ್ತಾರೆ. ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೇನೆ. ಇಂಥವನನ್ನು ಬಾಯಿ ಕಟ್ಟಿ ಕೂರಿಸಿದರೆ ಹೇಗೆ? ಅದಕ್ಕೇ ಈ ಡೈರಿ ತೆಗೆದೆ. ಇಲ್ಲಿಯಾದರೂ ಮಾತಾಡಬಹುದು.

ಸಂಜೆ ಹೇಮಾ ಒಂದು ಸ್ಲೇಟು ತಂದುಕೊಟ್ಟಳು, ಬಳಪದ ಡಬ್ಬಿ ಸಮೇತ. ಫೋನಿನಲ್ಲಿ ಟೈಪ್ ಮಾಡಿ ತೋರಿಸಿದರೆ ಅವಳಿಗೆ ಕನ್ನಡಕ ಬೇಕು. ಸ್ಲೇಟಾದರೆ ದೊಡ್ಡದಾಗಿ ಬರೆಯಬಹುದಂತೆ. ನಾನು ದೊಡ್ಡದಾಗಿ ಬರೆಯಲಿಲ್ಲ. ಸಾರಿಗೆ ಉಪ್ಪು ಯಾವಾಗ ಹಾಕಿದರೆ ಬೇಳೆ ಬೇಗ ಬೇಯುತ್ತದೆ, ಅದಕ್ಕೆ ಕಾರಣವೇನು ಎಂದು ಸ್ಲೇಟಿನ ಎರಡೂ ಕಡೆ ತುಂಬಿಸಿ ತೋರಿಸಿದೆ. ಅವಳು ಓದಿ, ತಲೆಯಾಡಿಸಿ, ಯಾವಾಗಲೂ ಹಾಕುವ ಹೊತ್ತಿಗೇ ಉಪ್ಪು ಹಾಕಿದಳು.

ಜೂನ್ 28, ಶುಕ್ರವಾರ

ರಿಪೋರ್ಟ್ ಬಂತು. ಭಯಪಡುವಂಥದ್ದೇನೂ ಇಲ್ಲ, ಬರೀ ಗಂಟು. ಹೇಮಾ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ನನಗೆ ಜೋರಾಗಿ ಏನಾದರೂ ಕೂಗಬೇಕೆನ್ನಿಸಿ, ಕೂಗುವಂತಿಲ್ಲದೆ ಹಿತ್ತಿಲಿಗೆ ಹೋಗಿ ತೆಂಗಿನ ಮರವನ್ನು ತಟ್ಟಿ ಬಂದೆ.

ಆದರೆ ಸಂತೋಷ ಪೂರ್ತಿಯಾಗಲಿಲ್ಲ. ಡಾಕ್ಟರು ‘ಆ’ ಅನ್ನಿಸಿ ನೋಡಿದರು. ಗಾಳಿ ಹೋಗುತ್ತಿರುವ ಸೈಕಲ್ ಟ್ಯೂಬಿನ ಸದ್ದು ಬಂತು. ಗಾಯ ಮಾಯಲು ಸಮಯ ಹಿಡಿಯುತ್ತದೆ, ದಸರೆ ಕಳೆಯುವವರೆಗೆ ಪಾಠದ ಯೋಚನೆ ಬಿಡಿ, ಮನೆಯಲ್ಲೂ ತೀರಾ ಬೇಕಾದಾಗ ಒಂದೆರಡು ಮಾತು ಸಾಕು ಎಂದರು. ಆಮೇಲೆ ಮೊದಲಿನ ದನಿ ಬರುತ್ತದೆಯೇ ಎಂದು ಬರೆದು ಕೇಳಿದೆ. ನೋಡೋಣ ಎಂದರು. ಕಾಲೇಜಿನಲ್ಲಿ ನನ್ನ ಕ್ಲಾಸುಗಳನ್ನು ಕಿರಿಯ ಸಹೋದ್ಯೋಗಿ ನಾಗೇಶ್ ತೆಗೆದುಕೊಳ್ಳುತ್ತಿದ್ದಾನೆ. ದನಿ ಬರದಿದ್ದರೆ ಆಫೀಸಿನಲ್ಲಿ ಅಡ್ಮಿಷನ್ ಕೆಲಸ ನೋಡಿಕೊಳ್ಳಲಿ ಎಂದು ಆಡಳಿತ ಮಂಡಳಿಯವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರಂತೆ. ಆ ಒಳ್ಳೆಯ ಮನಸ್ಸು ನೆನೆದರೆ ಊಟ ಸೇರುವುದಿಲ್ಲ.

ಸಾಯಂಕಾಲ ಸಂಧ್ಯಾ ನೋಡಲು ಬಂದಿದ್ದಳು. ಕುಣಿಗಲ್ ಕಡೆಯ ಹುಡುಗಿ. ಗುಬ್ಬಿಯ ಅಜ್ಜಿಯ ಮನೆಯಲ್ಲಿದ್ದುಕೊಂಡು ನನ್ನ ಹತ್ತಿರ ಪಿಯುಸಿ ಓದಿದವಳು. ಈಗ ತುಮಕೂರಿನಲ್ಲಿ ಅವಳದೇ ಒಂದು ಪ್ರಯೋಗಾಲಯ ಇದೆ. ಹುಳುಗಳ ಮೇಲೆ ಕೆಲಸ. ಕ್ಲಾಸಿನಲ್ಲಿ ಬಾಯಿ ಬಿಡದೆ ಕೂತಿರುತ್ತಿದ್ದಳು. ಇಷ್ಟು ದೂರ ಬಂದಿದ್ದಾಳೆಂದರೆ ನಮ್ಮ ಪಾಯ ಗಟ್ಟಿಯಾಗಿತ್ತು ಎಂದೇ ಅರ್ಥ. ಕಾಫಿ ಕುಡಿಯುತ್ತ, ಮನೆಯಲ್ಲಿ ಕೂತು ಕೊರಗುವ ಬದಲು ನನ್ನ ಲ್ಯಾಬಿಗೆ ಬನ್ನಿ ಎಂದಳು.

“ಸುಮ್ನೆ ಕೂತ್ಕೊಂಡು ನೋಡೋ ಕೆಲ್ಸ ಸರ್. ಮಾತೇ ಬೇಕಾಗಿಲ್ಲ. ಬರೋರಿಗೆಲ್ಲ ಅದೇ ಕಷ್ಟ, ನಿಮಗೆ ಹೆಂಗೂ ಡಾಕ್ಟರೇ ಹೇಳಿದಾರೆ.”

ಶಿಷ್ಯೆಯ ಕೈಕೆಳಗೆ ಹೋಗುವುದೇ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಮನೆಯಲ್ಲಿ ಗೋಡೆ ನೋಡುವುದಕ್ಕಿಂತ ಹುಳು ನೋಡುವುದು ವಾಸಿ.

ಜುಲೈ 4, ಗುರುವಾರ

ಬೆಳಗಿನ ಪ್ಯಾಸೆಂಜರಿನಲ್ಲಿ ತುಮಕೂರಿಗೆ ಹೋದೆ. ಸ್ಟೇಷನ್ನಿನ ಹತ್ತಿರ ತಟ್ಟೆ ಇಡ್ಲಿ ತಿಂದು, ಆಟೋ ಹಿಡಿದು ಲ್ಯಾಬು ತಲುಪಿದೆ.

ಹುಳು ಎಂದರೆ ನಾನು ಎರೆಹುಳುವಿನಂಥದ್ದನ್ನು ಎಣಿಸಿದ್ದೆ. ಇವು ಮಣ್ಣಿನಲ್ಲಿರುವ ನೆಮಟೋಡುಗಳು, ದುಂಡುಹುಳುವಿನ ಜಾತಿ, ಒಂದು ಮಿಲಿಮೀಟರಿನಷ್ಟು ಉದ್ದ. ಗಾಜಿನ ಪ್ಲೇಟಿನಲ್ಲಿ ಜೆಲ್ಲಿಯಂಥದ್ದನ್ನು ಹಾಸಿ, ಅದರ ಮೇಲೆ ಅವುಗಳ ಊಟಕ್ಕೆ ಬ್ಯಾಕ್ಟೀರಿಯಾ ಬಳಿದಿರುತ್ತಾರೆ. ಬರಿಗಣ್ಣಿಗೆ ಧೂಳಿನ ಎಳೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮೈಯೆಲ್ಲ ಪಾರದರ್ಶಕ, ಹೊಟ್ಟೆಯೊಳಗಿನ ಮೊಟ್ಟೆಗಳು ಸಾಲಾಗಿ ಕಾಣುತ್ತವೆ. ತಲೆಯ ಹತ್ತಿರ ಏನೋ ಪಟಪಟ ಬಡಿದುಕೊಳ್ಳುತ್ತಿತ್ತು. ಹೃದಯ ಎಂದು ಸ್ಲೇಟಿನಲ್ಲಿ ಬರೆದು ತೋರಿಸಿದೆ. ಅದಕ್ಕೆ ಹೃದಯವೇ ಇಲ್ಲ, ಅದು ಊಟ ನುಂಗುತ್ತಿರುವ ಗಂಟಲು ಎಂದಳು ಸಂಧ್ಯಾ.

ಆಮೇಲೆ ಅವಳ ಸಂಶೋಧನೆ ಏನೆಂದು ಹೇಳಿದಳು. “ನೀವೇ ಪಾಠ ಮಾಡಿದ್ದು ಸರ್. ಎಲೆಕ್ಟ್ರಾನ್ ಕೊಡೋರು ಒಬ್ರು, ತಗೊಳೋರು ಒಬ್ರು. ಇಲ್ಲಿ ಕೊಡೋದು ವಿಟಮಿನ್ ಸಿ. ಈ ಹುಳ ಅದನ್ನ ತಾನೇ ತಯಾರಿಸ್ಕೊಳುತ್ತೆ, ನಮ್ ಥರ ನಿಂಬೆಹಣ್ಣು ಹುಡುಕೊಂಡ್ ಹೋಗಲ್ಲ. ಆದ್ರೆ ವಿಟಮಿನ್ ಸಿ ಜೀವಕೋಶದ ಒಳಗಿದೆ, ತಗೊಳೋರು ಹೊರಗಿದಾರೆ. ಮಧ್ಯ ಪೊರೆ. ಆ ಪೊರೇಲಿ ಕೂತು ಎಲೆಕ್ಟ್ರಾನ್ ಈಚೆಯಿಂದ ಆಚೆಗೆ ದಾಟ್ಸೋ ಪ್ರೋಟೀನ್‌ಗಳಿವೆ. ಅದ್ರಲ್ಲಿ ಒಂದನ್ನ ನಾವು ಹಿಡ್ಕೊಂಡಿದೀವಿ.”

ಊಟದಲ್ಲಿನ ಕಬ್ಬಿಣ ಮೈಗೆ ಹತ್ತಬೇಕಾದರೆ ಅದಕ್ಕೆ ಒಂದು ಎಲೆಕ್ಟ್ರಾನ್ ಸಿಗಬೇಕು. ಅದನ್ನು ಈ ಪ್ರೋಟೀನೇ ದಾಟಿಸಿ ಕೊಡುತ್ತಿರಬಹುದು ಎಂಬುದು ಅವಳ ಊಹೆ. ಅದಕ್ಕಾಗಿ ಆ ಪ್ರೋಟೀನು ಇಲ್ಲದ ಹುಳುಗಳನ್ನು ತರಿಸಿಕೊಂಡಿದ್ದಾಳೆ. ಕಬ್ಬಿಣ ಕಡಿಮೆ ಮಾಡಿದ ಪ್ಲೇಟಿನಲ್ಲಿ ಅವು ಸೊರಗಿದರೆ ಊಹೆ ಸರಿ. ಸೆಪ್ಟೆಂಬರ್ ಕೊನೆಗೆ ಹಣ ಕೊಟ್ಟವರ ಕಮಿಟಿ ಬರುತ್ತದೆ. ಅಷ್ಟರಲ್ಲಿ ತೋರಿಸಲು ಏನಾದರೂ ಇರಬೇಕು, ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ.

ಜೊತೆಗೆ ಅನನ್ಯ ಎಂಬ ಹುಡುಗಿ ಪಿಎಚ್‌ಡಿ ಮಾಡುತ್ತಿದ್ದಾಳೆ. ತಗ್ಗಿದ ದನಿ. ಆ ಪ್ರೋಟೀನಿಲ್ಲದ ಹುಳುಗಳ ಮೊಟ್ಟೆ ಒಡೆಯುವುದು ಯಾಕೋ ತಡ ಅನ್ನಿಸುತ್ತದೆ ಎಂದೇನೋ ನನ್ನೊಬ್ಬನ ಹತ್ತಿರ ಹೇಳುತ್ತಿದ್ದಳು. ಸೆಖೆ ಚಳಿ ಹೆಚ್ಚುಕಡಿಮೆಯಾದರೆ ಯಾವ ಮೊಟ್ಟೆಯೂ ಹಿಂದೆಮುಂದೆ ಆಗುತ್ತದೆ, ಇದು ಕೆಮಿಸ್ಟ್ರಿಯ ಮೂಲ ಪಾಠ ಎಂದು ಸ್ಲೇಟು ತುಂಬ ಬರೆದು ವಿವರಿಸಿದೆ. ಅರ್ಥವಾಯಿತು ಸರ್ ಎಂದಳು. ಮೊದಲ ದಿನವೇ ಒಂದು ಉಪಕಾರ ಮಾಡಿದಂತಾಯಿತು.

ಜುಲೈ 11, ಗುರುವಾರ

ಬೆನ್ನು ನೋವು. ಕಣ್ಣು ಉರಿ. ಹುಳುಗಳು ಹಾವಿನಂತೆ ಅತ್ತ ಹೋಗುತ್ತವೆ, ಇತ್ತ ಬರುತ್ತವೆ. ಅನನ್ಯಳಿಗೆ ವಿಟಮಿನ್ ಸಿ ಅಣುವಿನ ರಚನೆ ಬರೆದು ತೋರಿಸಿದೆ. ನೋಡಿ, ಊಟಕ್ಕೆ ಹೋದಳು.

ಜುಲೈ 21, ಭಾನುವಾರ

ಹೇಮಾ ಮತ್ತೆ ಕಾರು ಕಲಿಯುತ್ತೇನೆ ಎಂದು ಹೊರಟಳು. ಎಲ್‌ಎಲ್ ಮಾಡಿಸಿಕೊಂಡೂ ಬಂದಿದ್ದಾಳೆ. ಹಿಂದೆ ಎರಡು ಸಲ ನಾನೇ ಕಲಿಸಲು ಹೋಗಿ ಕೈಬಿಟ್ಟಿದ್ದೆ. ಎರಡನೆಯ ಸಲವಂತೂ ರಸ್ತೆಯ ಮಧ್ಯೆಯೇ ಇಳಿದು ಮನೆಗೆ ನಡೆದುಬಂದಿದ್ದಳು. ಅವಳಿಗೆ ಗಮನ ಸಾಲದು ಎಂಬುದು ನನ್ನ ಅಭಿಪ್ರಾಯವಾಗಿತ್ತು.

ಚೇಳೂರು ರಸ್ತೆಯಲ್ಲಿ ಹೋದೆವು. ಬೆಳಗಿನ ಹೊತ್ತು, ಓಡಾಟ ಕಡಿಮೆ. ನಾನು ಪಕ್ಕದಲ್ಲಿ ಕೂತು ಸ್ಲೇಟು ತೊಡೆಯ ಮೇಲಿಟ್ಟುಕೊಂಡಿದ್ದೆ. ಆದರೆ ಗಾಡಿ ಓಡಿಸುವವಳು ಸ್ಲೇಟು ನೋಡುವುದು ಹೇಗೆ? ಬರೆದದ್ದನ್ನು ನಾನೇ ಓದಿಕೊಂಡು ನಾನೇ ಅಳಿಸಿದೆ. ಮೊದಲ ತಿರುವಿನಲ್ಲಿ ಕ್ಲಚ್ ಬೇಗ ಬಿಟ್ಟಳು, ಗಾಡಿ ನಿಂತಿತು. ನನ್ನ ಬಾಯಿ ತಾನಾಗಿಯೇ ತೆರೆಯಿತು, ಮುಚ್ಚಿದೆ. ಅವಳು ಕೀ ತಿರುಗಿಸಿ, ಒಂದು ಸಲ ಉಸಿರು ಬಿಟ್ಟು, ಮತ್ತೆ ಹೊರಟಳು. ಎದುರಿಗೆ ಎಳನೀರು ತುಂಬಿದ ಟೆಂಪೋ ಬಂತು. ಬದಿಗೆ ಸರಿದು ದಾರಿ ಕೊಟ್ಟಳು. ವಾಪಸ್ಸು ಬರುವಾಗ ಮೂರನೆಯ ಗೇರಿನಲ್ಲಿ ಸಲೀಸಾಗಿ ಬಂದೆವು.

ಮನೆ ಮುಂದೆ ನಿಲ್ಲಿಸಿ, “ಹೆಂಗ್ ಓಡ್ಸಿದೆ ರೀ?” ಎಂದಳು. ಬೆರಳು ಮಡಿಸಿ ಚೆನ್ನಾಗಿದೆ ಎಂದು ತೋರಿಸಿದೆ. ಅಷ್ಟಕ್ಕೇ ಅವಳ ಮುಖ ಅರಳಿತು.

ವಯಸ್ಸಾಗುತ್ತ ಗಮನ ಹೆಚ್ಚುತ್ತದೆ ಎಂದು ಕಾಣುತ್ತದೆ.

ಆಗಸ್ಟ್ 6, ಮಂಗಳವಾರ

ಕಬ್ಬಿಣ ಕಡಿಮೆಯ ಪ್ಲೇಟುಗಳಲ್ಲಿ ಎರಡೂ ಬಗೆಯ ಹುಳುಗಳು ಒಂದೇ ಸಮ ಬೆಳೆದಿವೆ. ಸಂಧ್ಯಾ ಉದ್ದ ಅಳೆದು ನೋಡಿದಳು, ವ್ಯತ್ಯಾಸವಿಲ್ಲ. ಈ ಪ್ರೋಟೀನಿಗೆ ಹುಳುವಿನ ಮೈಯಲ್ಲಿ ಅಣ್ಣತಮ್ಮಂದಿರು ಹಲವರಿದ್ದಾರೆ, ಒಬ್ಬನಿಲ್ಲದಿದ್ದರೆ ಇನ್ನೊಬ್ಬ ಅವನ ಕೆಲಸ ಮಾಡಿಬಿಡುತ್ತಿರಬಹುದು ಎಂದಳು. ಹೇಳುವಾಗ ನಗುತ್ತಲೇ ಇದ್ದಳು. ಆದರೆ ಆಮೇಲೆ ಕಿಟಕಿಯ ಹತ್ತಿರ ಹೋಗಿ ಬಹಳ ಹೊತ್ತು ನಿಂತಿದ್ದಳು.

ನನಗೆ ಮಾತ್ರ ಬೇರೆ ಏನೋ ಕಂಡಿದೆ. ಆ ಪ್ರೋಟೀನಿಲ್ಲದ ಹುಳುಗಳು ಊಟ ಬಿಟ್ಟು ಪ್ಲೇಟಿನ ಅಂಚಿಗೆ ಹೋಗುತ್ತವೆ. ಮಾಮೂಲಿ ಹುಳುಗಳು ಊಟದ ಮೇಲೆಯೇ ಇರುತ್ತವೆ. ಕಬ್ಬಿಣ ಸಾಲದೆ ಬೇರೆ ಕಡೆ ಹುಡುಕಲು ಹೊರಟಿವೆ ಎಂದೇ ಅರ್ಥವಲ್ಲವೇ? ಮೂರು ದಿನದಿಂದ ನೋಡುತ್ತಿದ್ದೇನೆ, ನೋಡಿದಷ್ಟೂ ಖಚಿತವಾಗುತ್ತಿದೆ. ಸ್ಲೇಟಿನಲ್ಲಿ ಚಿತ್ರ ಸಮೇತ ಬರೆದು ಕೊಟ್ಟೆ. ಸಂಧ್ಯಾ ಎರಡು ಸಲ ಓದಿದಳು. ಹಾಗಾದರೆ ಹೆಸರು ಮುಚ್ಚಿ ನೋಡೋಣ ಎಂದಳು. ಯಾವ ಪ್ಲೇಟಿನಲ್ಲಿ ಯಾವ ಹುಳು ಎಂದು ನನಗೆ ಗೊತ್ತಿರುವುದಿಲ್ಲ, ಅನನ್ಯಳಿಗೆ ಮಾತ್ರ ಗೊತ್ತಿರುತ್ತದೆ.

ನನ್ನನ್ನು ಪರೀಕ್ಷೆಗೆ ಕೂರಿಸುತ್ತಿದ್ದಾರೆ. ಕೂರುತ್ತೇನೆ. ರೈಲಿನಲ್ಲಿ ಬರುವಾಗ ಕಮಿಟಿಯ ಮುಂದೆ ಇದನ್ನು ಹೇಗೆ ಹೇಳಬೇಕೆಂದು ಯೋಚಿಸುತ್ತಿದ್ದೆ, ಗುಬ್ಬಿ ಬಂದದ್ದೇ ಗೊತ್ತಾಗಲಿಲ್ಲ.

ಆಗಸ್ಟ್ 14, ಬುಧವಾರ

ಬರೀ ನೋಡುವುದು, ಗುರುತು ಹಾಕುವುದು. ಮಾತಿಲ್ಲ. ಡಾಕ್ಟರು ಮತ್ತೆ ನೋಡಿದರು. ಗಾಯದ ಕಲೆ ಇನ್ನೂ ಗಟ್ಟಿಯಾಗಿದೆಯಂತೆ.

ಆಗಸ್ಟ್ 23, ಶುಕ್ರವಾರ

ಅನನ್ಯ ಮುಚ್ಚಿದ ಹೆಸರುಗಳನ್ನು ತೆರೆದಳು. ನಾನು ಅಂಚಿಗೆ ಹೋಗುತ್ತವೆ ಎಂದು ಗುರುತು ಹಾಕಿದ್ದರಲ್ಲಿ ಎರಡೂ ಬಗೆಯವು ಸರಿಸುಮಾರು ಸಮನಾಗಿದ್ದವು. ಹೆಸರು ಕಾಣದಿದ್ದಾಗ ನನಗೆ ಯಾವ ವ್ಯತ್ಯಾಸವೂ ಕಂಡಿರಲಿಲ್ಲ.

ಕಿವಿ ಬಿಸಿಯಾಯಿತು. ಸಂಧ್ಯಾ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. “ನೀವ್ ನೋಡಿದ್ದು ಸುಳ್ಳು ಅಂತಲ್ಲ ಸರ್. ಅಂಚಿಗೆ ಹೋಗಿದ್ವು ನಿಜ. ಪ್ರೋಟೀನ್ ಇಲ್ದಿರೋವು ಹೋದಾಗ ನಿಮ್ ಕಣ್ಣು ಹಿಡೀತು, ಮಾಮೂಲಿಯವು ಹೋದಾಗ ಬಿಡ್ತು. ನನಗೂ ಎಷ್ಟೋ ಸಲ ಹಿಂಗೇ ಆಗಿದೆ.” ಹೇಳಿ ಎದ್ದುಹೋದರು.

ವಿವರಣೆ ಬರೆಯೋಣವೆಂದು ಸ್ಲೇಟು ತೆಗೆದೆ. ಬರೆಯಲು ಏನೂ ಹೊಳೆಯಲಿಲ್ಲ. ಎದುರಿಗೆ ಅನನ್ಯ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತಿದ್ದಳು. ಸುಮ್ಮನೆ “ನೀನೇನು ನೋಡ್ತಿದೀಯಾ?” ಎಂದು ಬರೆದು ಅವಳ ಕಡೆ ತಳ್ಳಿದೆ.

ಅವಳು ಓದಿದಳು, ನನ್ನ ಮುಖ ನೋಡಿದಳು. ಆಮೇಲೆ ಹೇಳತೊಡಗಿದಳು. ಕಬ್ಬಿಣ ಕಡಿಮೆ ತಿಂದ ತಾಯಿಹುಳು ಇಟ್ಟ ಮೊಟ್ಟೆಗಳನ್ನು ಅವಳು ಬಹಳ ದಿನದಿಂದ ನೋಡುತ್ತಿದ್ದಾಳಂತೆ. ಮಾಮೂಲಿಯವು ಒಡೆದು ಮರಿ ಓಡಾಡುವ ಹೊತ್ತಿಗೆ, ಪ್ರೋಟೀನಿಲ್ಲದವು ಇನ್ನೂ ಒಳಗೇ ಹೊರಳುತ್ತಿರುತ್ತವೆ. ಒಡೆಯುವುದಿಲ್ಲ ಎಂದಲ್ಲ, ತಡ. ಸೆಖೆ ಚಳಿಯ ಕಾರಣವಿರಬಹುದೆಂದು ಎರಡೂ ಪ್ಲೇಟನ್ನು ಒಂದೇ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಇಟ್ಟು ನೋಡಿದ್ದಾಳೆ, ಆಗಲೂ ಹಾಗೇ. ಮೇಡಂಗೆ ಯಾಕೆ ಹೇಳಲಿಲ್ಲ ಎಂದು ಬರೆದು ಕೇಳಿದೆ. ಗಟ್ಟಿಯಾಗಿ ಹೇಳುವಷ್ಟು ಖಾತ್ರಿಯಿರಲಿಲ್ಲ ಎಂದಳು.

ಮಾತಾಡುತ್ತ ಮಾತಾಡುತ್ತ ಅವಳ ದನಿ ಎಷ್ಟು ಸ್ಪಷ್ಟವಾಯಿತೆಂದರೆ ಪಕ್ಕದ ಕೋಣೆಯಿಂದ ಸಂಧ್ಯಾ ಎದ್ದುಬಂದು ಬಾಗಿಲಲ್ಲೇ ನಿಂತು ಕೇಳಿದರು. ಗೇಟಿನ ಹೊರಗೆ ಮಾರುವ ಸೀಬೆಹಣ್ಣು ತರಿಸಿ, ಉಪ್ಪುಖಾರ ಹಚ್ಚಿ, ಮೂವರೂ ತಿನ್ನುತ್ತ ಮುಂದಿನ ಪ್ರಯೋಗ ಹೇಗೆಂದು ಮಾತಾಡಿದೆವು. ಅಂದರೆ ಅವರು ಮಾತಾಡಿದರು. ಸೀಬೆ ಬಹಳ ಚೆನ್ನಾಗಿತ್ತು.

ಸೆಪ್ಟೆಂಬರ್ 4, ಬುಧವಾರ

ಸಂಧ್ಯಾ ಮೇಡಂ ಹೆಸರು ಮುಚ್ಚಿದ ಪ್ಲೇಟುಗಳನ್ನು ಕೊಟ್ಟಿದ್ದಾರೆ. ನಾನೂ ಅನನ್ಯಳೂ ಸರದಿಯ ಮೇಲೆ ಮೊಟ್ಟೆ ನೋಡುತ್ತೇವೆ. ಯಾವುದು ಯಾವುದೆಂದು ನಮ್ಮಿಬ್ಬರಿಗೂ ಗೊತ್ತಿಲ್ಲ.

ಇವತ್ತು ಒಂದು ಮೊಟ್ಟೆ ಒಡೆಯುವುದನ್ನು ಪೂರ್ತಿ ನೋಡಿದೆ. ಒಳಗೆ ಮರಿ ಸುತ್ತಿಕೊಂಡು ಹೊರಳುತ್ತದೆ, ನಿಲ್ಲುತ್ತದೆ, ಮತ್ತೆ ಹೊರಳುತ್ತದೆ. ಒಂದು ಕಡೆ ಚಿಪ್ಪನ್ನು ಮೂತಿಯಿಂದ ಒತ್ತುತ್ತದೆ. ಆಮೇಲೆ ತಟ್ಟನೆ ಹೊರಗೆ. ಹೊರಗೆ ಬಂದ ಮರಿ ಒಂದು ಗಳಿಗೆ ಅಲ್ಲಾಡದೆ ಬಿದ್ದಿತ್ತು. ಆಮೇಲೆ ಊಟದ ಕಡೆ ಹೊರಟಿತು, ಯಾರೂ ದಾರಿ ತೋರಿಸದೆ.

ಸೆಪ್ಟೆಂಬರ್ 15, ಭಾನುವಾರ

ಹೋದ ವಾರ ಹೇಮಳಿಗೆ ಡಿಎಲ್ ಬಂತು. ಇವತ್ತು ಕುಣಿಗಲ್ಲಿನಲ್ಲಿರುವ ಅವಳ ಅಕ್ಕನ ಮನೆಗೆ ಅವಳೇ ಕಾರು ಓಡಿಸಿಕೊಂಡು ಹೊರಟಳು. ತುಮಕೂರು ದಾಟುವಾಗ ಒಂದು ಸಿಟಿ ಬಸ್ಸು ಪಕ್ಕದಲ್ಲೇ ಉಜ್ಜಿಕೊಂಡಂತೆ ಹೋಯಿತು. ಸ್ಟೀರಿಂಗ್ ಬಿಗಿಯಾಗಿ ಹಿಡಿದು, ಅದು ಹೋದ ಮೇಲೆ ತನ್ನಷ್ಟಕ್ಕೇ ನಕ್ಕಳು.

ಹೆಬ್ಬೂರಿನಲ್ಲಿ ಕಾಫಿಗೆ ನಿಲ್ಲಿಸಿದೆವು. ಹೋಟೆಲಿನಲ್ಲಿ ಹಳೆಯ ರೇಡಿಯೋ ಒಂದು ಗರಗರ ಎನ್ನುತ್ತಿತ್ತು. ಹೇಮಾ ಅದನ್ನೇ ನೋಡುತ್ತ, ಒಳಗೆ ಬೆಸುಗೆ ಬಿಟ್ಟುಕೊಂಡಿರಬೇಕು ಎಂದಳು. ಅದು ನಿನಗೆ ಹೇಗೆ ಗೊತ್ತು ಎಂಬಂತೆ ಅವಳ ಕಡೆ ನೋಡಿದೆ.

ಹುಲಿಯೂರುದುರ್ಗದಲ್ಲಿ ಅವಳ ಅಪ್ಪ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು ಎಂಬುದು ನನಗೆ ಗೊತ್ತಿತ್ತು. ಆದರೆ ಅವರಿಗೆ ಕೈ ನಡುಗುವ ಕಾಯಿಲೆ ಇತ್ತಂತೆ. ಸ್ಕೂಲು ಬಿಟ್ಟ ತಕ್ಷಣ ಇವಳು ಅಂಗಡಿಗೆ ಹೋಗಿ, ಅವರು ತೋರಿಸಿದ ಕಡೆ ಬೆಸುಗೆ ಹಾಕಬೇಕು. ಇದು ಗಿರಾಕಿಗಳಿಗೆ ಗೊತ್ತಾಗಬಾರದೆಂದು ಪರದೆಯ ಹಿಂದೆ ಕೂತು ಮಾಡುತ್ತಿದ್ದಳಂತೆ.

“ಆಮೇಲೆ?” ಎಂದೆ. ದನಿ ಒಡಕಾಗಿತ್ತು, ಆದರೆ ಬಂತು.

“ಆಮೇಲೇನು. ಆನ್ ಮಾಡಿದ್ ಕೂಡ್ಲೆ ಹಾಡು ಬರೋದಲ್ಲ, ಆಗ ಅಪ್ಪ ಪರದೆ ಕಡೆ ತಿರುಗಿ ಒಂದ್ ಸಲ ಕೆಮ್ಮೋರು. ಅದು ನಂಗೆ ಶಭಾಷ್ ಅಂದಂಗೆ. ಡಿಪ್ಲೊಮಾ ಸೇರ್ತೀನಿ ಅಂದೆ. ಅಷ್ಟೊತ್ತಿಗೆ ನಿಮ್ ಕಡೆಯವ್ರು ನೋಡಕ್ಕೆ ಬಂದ್ರು.” ಕಾಫಿ ಲೋಟ ತಿರುಗಿಸುತ್ತ ಕೂತಳು. “ಈಗ್ಲೂ ಕೈ ಮರ್ತಿಲ್ಲ ಅನ್ಸುತ್ತೆ.”

ಅವಳ ಕಾಫಿ ಆರಿಹೋಗಿತ್ತು. ಇನ್ನೊಂದು ತರಿಸಿದೆ. ಅಲ್ಲಿಂದ ಕುಣಿಗಲ್ ತಲುಪುವವರೆಗೂ ಕೆಪಾಸಿಟರ್, ವಾಲ್ವು, ಅಂಗಡಿಗೆ ಬರುತ್ತಿದ್ದ ಜನ ಎಂದು ಹೇಳುತ್ತಲೇ ಇದ್ದಳು. ಕುಣಿಗಲ್ ಕೆರೆ ಏರಿಯ ಮೇಲೆ ಗಾಳಿ ತಂಪಾಗಿತ್ತು. ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ನೀರು ನೋಡಿದೆವು.

ಮದುವೆಯಾಗಿ ಇಷ್ಟು ವರ್ಷವಾದರೂ ಇದನ್ನು ಹೇಳಿರಲಿಲ್ಲ. ಅವಳಿಗೆ ಮರೆತುಹೋಗಿದ್ದಿರಬೇಕು. ನಾಳೆ ತುಮಕೂರಿನಿಂದ ಬರುವಾಗ ಒಂದು ಬೆಸುಗೆ ಕಡ್ಡಿ ತರಬೇಕು.

ಸೆಪ್ಟೆಂಬರ್ 20, ಶುಕ್ರವಾರ

ಮೇಡಂ ಹೆಸರುಗಳನ್ನು ತೆರೆದರು. ತಡವಾಗಿ ಒಡೆದ ಮೊಟ್ಟೆಗಳೆಲ್ಲ ಹೆಚ್ಚೂಕಡಿಮೆ ಪ್ರೋಟೀನಿಲ್ಲದ ಹುಳುಗಳವೇ. ನನ್ನ ಗುರುತೂ ಅನನ್ಯಳ ಗುರುತೂ ಹೊಂದಿಕೊಂಡಿದ್ದವು. ಪ್ಲೇಟಿಗೆ ಕಬ್ಬಿಣ ಸೇರಿಸಿದಾಗ ತಡ ಹೋಯಿತು. ಕಬ್ಬಿಣದ ಬದಲು ಬರೀ ವಿಟಮಿನ್ ಸಿ ಸೇರಿಸಿದಾಗಲೂ ಅರ್ಧದಷ್ಟು ಸುಧಾರಿಸಿತು. ಹೊರಗೇ ವಿಟಮಿನ್ ಸಿ ಇದ್ದರೆ ಅದು ಎಲೆಕ್ಟ್ರಾನನ್ನು ನೇರವಾಗಿ ಕಬ್ಬಿಣಕ್ಕೆ ಕೊಡುತ್ತದೆ, ದಾಟಿಸುವವರು ಬೇಕಾಗುವುದಿಲ್ಲ. ಇನ್ನೂ ಎಷ್ಟೋ ಸಲ ಮಾಡಿ ನೋಡಬೇಕು, ಈಗಲೇ ಏನನ್ನೂ ಹೇಳುವಂತಿಲ್ಲ ಎಂದು ಮೇಡಂ ಮತ್ತೆ ಮತ್ತೆ ಹೇಳಿದರು. ಹೇಳುತ್ತಲೇ ಅನನ್ಯಳನ್ನು ತಬ್ಬಿಕೊಂಡರು.

ಕಮಿಟಿಯ ಮುಂದೆ ಅನನ್ಯಳೇ ಹೇಳಬೇಕೆಂದು ತೀರ್ಮಾನವಾಗಿದೆ. ಅವಳಿಗೆ ಜನರ ಮುಂದೆ ನಿಂತರೆ ನಾಲಿಗೆ ಒಣಗುತ್ತದೆ. ಮಧ್ಯಾಹ್ನ ಸೆಮಿನಾರ್ ಹಾಲಿನಲ್ಲಿ ನನ್ನೊಬ್ಬನನ್ನು ಕೂರಿಸಿಕೊಂಡು ಅಭ್ಯಾಸ ಮಾಡಿದಳು. ನಡುವೆ ಒಂದು ಕಡೆ ತಡವರಿಸಿ ನಿಂತುಬಿಟ್ಟಳು. ಮುಂದಿನ ವಾಕ್ಯ ನನಗೆ ಗೊತ್ತಿತ್ತು, ಆದರೆ ಬಳಪ ಎಲ್ಲಿಟ್ಟಿದ್ದೆನೋ. ಜೇಬೆಲ್ಲ ಹುಡುಕಿ ತೆಗೆಯುವಷ್ಟರಲ್ಲಿ ಅವಳೇ ಹೇಳಿಬಿಟ್ಟಳು, ನಾನು ಬರೆಯಬೇಕೆಂದಿದ್ದಕ್ಕಿಂತ ಚೆನ್ನಾಗಿ. ಎರಡನೆಯ ಸಲ ಹೇಳುವಾಗ ಎಲ್ಲೂ ನಿಲ್ಲಲಿಲ್ಲ.

ಸೆಪ್ಟೆಂಬರ್ 27, ಶುಕ್ರವಾರ

ಕಮಿಟಿ ಬಂದು ಹೋಯಿತು. ಕೆಲಸ ಮುಂದುವರಿಯುತ್ತದೆ. ಅನನ್ಯ ಕೊನೆಯಲ್ಲಿ ವಂದನೆ ಹೇಳುವಾಗ ನನ್ನ ಹೆಸರನ್ನೂ ಹೇಳಿದಳು. ಹಿಂದಿನ ಸಾಲಿನಲ್ಲಿದ್ದೆ, ಎದ್ದು ನಿಲ್ಲಬೇಕೋ ಬೇಡವೋ ತಿಳಿಯದೆ ಅರ್ಧ ಎದ್ದು ಕೂತೆ.

ಮನೆಗೆ ಬಂದಾಗ ಹೇಮಾ ಊಟದ ಮೇಜಿನ ಮೇಲೆ ಪಕ್ಕದ ಮನೆಯವರ ಮಿಕ್ಸಿ ಬಿಚ್ಚಿ ಹರಡಿಕೊಂಡಿದ್ದಳು. ಊಟ ಜಗಲಿಯ ಮೇಲೆ ಮಾಡಿದೆವು.

ಅಕ್ಟೋಬರ್ 9, ಬುಧವಾರ

ಡಾಕ್ಟರು ಕ್ಯಾಮೆರಾ ಹಾಕಿ ನೋಡಿದರು. ಕಲೆ ಮೆತ್ತಗಾಗಿದೆ. ‘ಆ’ ಎಂದೆ. ದನಿ ಬಂತು, ನನ್ನದೇ, ಆದರೆ ಸಣ್ಣದು. ಇನ್ನು ಇಷ್ಟೇ, ಮೊದಲಿನ ಗಟ್ಟಿ ದನಿಯನ್ನು ಮರೆತುಬಿಡಿ ಎಂದರು. ಕೊರಳಿಗೆ ಪುಟ್ಟ ಮೈಕು ಹಾಕಿಕೊಂಡು, ಮಧ್ಯೆ ಮಧ್ಯೆ ಬಿಸಿನೀರು ಕುಡಿಯುತ್ತ, ದಿನಕ್ಕೆ ಒಂದು ಕ್ಲಾಸು ತೆಗೆದುಕೊಳ್ಳಬಹುದಂತೆ. ಅಡ್ಮಿಷನ್ ಕೆಲಸ ಬೇಡ, ಒಂದು ಕ್ಲಾಸಾದರೂ ಸರಿ ಪಾಠವೇ ಇರಲಿ ಎಂದು ಕಾಲೇಜಿಗೆ ತಿಳಿಸಿದೆ. ಒಪ್ಪಿದ್ದಾರೆ.

ಸಣ್ಣ ದನಿ ಎಂದರೆ ಬೇಜಾರಾಗಬೇಕಿತ್ತು. ಹೇಮಾ ಕಾರು ಓಡಿಸುತ್ತ, ಕ್ಯಾಮೆರಾದಲ್ಲಿ ಏನೇನು ಕಂಡಿತು ಎಂದು ವಿಚಾರಿಸುತ್ತಿದ್ದಳು. ಹೇಳುತ್ತ ಬಂದೆ, ದಾರಿ ಸಾಗಿದ್ದೇ ತಿಳಿಯಲಿಲ್ಲ.

ಅಕ್ಟೋಬರ್ 21, ಸೋಮವಾರ

ಕಾಲೇಜಿಗೆ ಹೋದೆ. ಎಲೆಕ್ಟ್ರಾನ್ ಕೊಡುವುದು, ತೆಗೆದುಕೊಳ್ಳುವುದು, ಅದೇ ಪಾಠ. ಪುಸ್ತಕದ ಉದಾಹರಣೆ ಬಿಟ್ಟು ಹುಳುವಿನ ವಿಷಯ ಹೇಳಿದೆ. ಬೋರ್ಡಿನ ಮೇಲೆ ಒಂದು ಗೆರೆ ಎಳೆದು, ಒಳಗೆ ವಿಟಮಿನ್ ಸಿ, ಹೊರಗೆ ಕಬ್ಬಿಣ ಎಂದು ಬರೆದು, ಮಧ್ಯದಲ್ಲಿ ಪೊರೆ ಇದೆ, ಎಲೆಕ್ಟ್ರಾನ್ ಆಚೆ ಹೋಗಬೇಕು, ಏನು ಮಾಡೋಣ ಎಂದು ಕೇಳಿದೆ. ಗಂಟಲು ಒಣಗಿತ್ತು. ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿಕೊಂಡು, ಆರಲೆಂದು ಕೈಯಲ್ಲಿ ಹಿಡಿದು ನಿಂತೆ.

ನೀರು ಇನ್ನೂ ಬಿಸಿಯಿತ್ತು. ಕೊನೆಗೆ ಕಿಟಕಿಯ ಪಕ್ಕದ ವಿಷ್ಣು ಎಂಬ ಹುಡುಗ, “ಪೊರೇಲಿ ಒಂದ್ ತೂತು ಮಾಡ್ಬೇಕು ಸಾರ್” ಎಂದ. ತೂತು ಮಾಡಿದರೆ ಒಳಗಿರುವುದೆಲ್ಲ ಸೋರಿಹೋಗುತ್ತದೆ ಎಂದು ಹಿಂದಿನಿಂದ ಒಂದು ಹುಡುಗಿ ಹೇಳಿದಳು. ಹಾಗಾದರೆ ಮಧ್ಯದಲ್ಲಿ ಯಾರಾದರೂ ನಿಂತು ಈ ಕೈಯಿಂದ ಆ ಕೈಗೆ ಕೊಡಬೇಕು ಎಂದು ಇನ್ನೊಬ್ಬಳು. ಒಬ್ಬನೇ ಸಾಲದು, ಪೊರೆ ದಪ್ಪ ಇದ್ದರೆ ಇಬ್ಬರು ಬೇಕು, ಈ ಕಡೆ ಒಬ್ಬ ಆ ಕಡೆ ಒಬ್ಬ ಎಂದು ವಿಷ್ಣು ಮತ್ತೆ ಎದ್ದ. ನಿಜವಾಗಿಯೂ ಆ ಪ್ರೋಟೀನಿನಲ್ಲಿ ಎಲೆಕ್ಟ್ರಾನ್ ಹಿಡಿಯುವ ಜಾಗ ಎರಡು, ಪೊರೆಯ ಆ ಬದಿಗೊಂದು ಈ ಬದಿಗೊಂದು. ನಾನದನ್ನು ಹೇಳಿರಲಿಲ್ಲ. ಆಮೇಲೆ ಹುಡುಗರಿಗೂ ಹುಡುಗಿಯರಿಗೂ ವಾದ ಶುರುವಾಯಿತು. ಬೋರ್ಡಿಗೆ ಬಂದು ನನ್ನ ಗೆರೆಯನ್ನೇ ಅಳಿಸಿ ಅವರದು ಎಳೆದರು. ನಾನು ಮೊದಲ ಬೆಂಚಿನ ತುದಿಯಲ್ಲಿ ಕೂತು ನೀರು ಕುಡಿದೆ.

ಅಷ್ಟರಲ್ಲಿ ಹಿಂದಿನ ಹುಡುಗಿ ಕೇಳಿದಳು: “ಹುಳ ವಿಟಮಿನ್ ಸಿ ತಾನೇ ಮಾಡ್ಕೊಳುತ್ತೆ ಅಂದ್ರೆ, ನಾವ್ಯಾಕೆ ಮಾಡ್ಕೊಳಲ್ಲ ಸಾರ್? ಮರ್ತ್ ಬಿಟ್ವಾ?”

ಬೆಲ್ ಹೊಡೆಯಿತು. ಯಾರೂ ಏಳಲಿಲ್ಲ.

ಮುಂದಿನ ಕ್ಲಾಸು ನಾಗೇಶನದು. ಬಾಗಿಲಲ್ಲಿ ನಿಂತಿದ್ದ. ಪಾಠ ಎಷ್ಟಾಯಿತು ಎಂದು ಕೇಳಿದ, ಅರ್ಧ ಪುಟವೂ ಆಗಿಲ್ಲ ಎಂದೆ. ನಾಳೆ ನಿನ್ನ ಪೀರಿಯಡ್ಡೂ ನನಗೇ ಬಿಟ್ಟುಕೊಡುತ್ತೀಯಾ ಎಂದು ವಿಚಾರಿಸಿದೆ. ದಿನಕ್ಕೊಂದೇ ಕ್ಲಾಸು ಎಂದು ಡಾಕ್ಟರು ಹೇಳಿಲ್ಲವೇ, ಗಂಟಲಿಗೆ ಆಯಾಸವಾಗುವುದಿಲ್ಲವೇ ಎಂದು ಗಾಬರಿಯಾದ.

“ನನ್ ಗಂಟಲಿಗೆ ಏನೂ ಕೆಲ್ಸ ಇಲ್ಲ ಕಣೋ,” ಎಂದೆ. “ಮಕ್ಳು ಇನ್ನೂ ಮಾತಾಡಿ ಮುಗ್ಸಿಲ್ಲ.”